ಕೊಚ್ಚಿಯ ಯೆಹೂದ್ಯರ ಕೇರಿ: ಮಾರ್ಗದರ್ಶಕನು ಹೇಳದೆ ಬಿಟ್ಟ ಕಥೆ

ನಮ್ಮ ದೇಶದ ಪರಮತಸಹಿಷ್ಣುತೆಯನ್ನು ಕೊಂಡಾಡುವ ಭಾಷಣಗಳು ಕೊಚ್ಚಿಯ ಯೆಹೂದ್ಯರ ಹೆಸರನ್ನು ಎತ್ತದೆ ಮುಗಿಯುವುದು ಅಪೂರ್ವ. ಸ್ಪೇನಿನ ಅರಸರು 1492ರಲ್ಲಿ ಯಾರನ್ನು ತಮ್ಮ ರಾಜ್ಯದಿಂದ ಹೊರಗಟ್ಟಿದರೋ, ವೆನಿಸ್ ನಗರವು 1516ರಲ್ಲಿ ಯಾರನ್ನು ಒಂದು ಕೇರಿಯೊಳಗೆ ಕೂಡಿ ರಾತ್ರಿಯ ವೇಳೆ ಹೆಬ್ಬಾಗಿಲಿಗೆ ಬೀಗ ಹಾಕಿತೋ, ಜರ್ಮನಿಯ ನಾಜಿಗಳು ಯಾರಲ್ಲಿ ಸುಮಾರು ಅರುವತ್ತು ಲಕ್ಷ ಮಂದಿಯನ್ನು ಕೊಂದರೋ, ಅದೇ ಜನಾಂಗದವರಿಗೆ ಕೊಚ್ಚಿಯ ಅರಸನು ತನ್ನ ಅರಮನೆಯ ಮಗ್ಗುಲಲ್ಲಿಯೇ ನೆಲವನ್ನು ಕೊಟ್ಟು ದೇವಮಂದಿರವನ್ನು ಕಟ್ಟಿಕೊಳ್ಳಿರೆಂದನು. 2017ರಲ್ಲಿ ನಮ್ಮ ಪ್ರಧಾನಮಂತ್ರಿಗಳು ಇಸ್ರೇಲಿಗೆ ಹೋದಾಗ ಆ ದೇಶದ ಪ್ರಧಾನಿಗೆ ಒಯ್ದ ಕಾಣಿಕೆಯೂ ಕೊಚ್ಚಿಯ ಯೆಹೂದ್ಯರ ತಾಮ್ರಶಾಸನದ ಪ್ರತಿಕೃತಿಯೇ. ಈ ಹೆಮ್ಮೆ ಸುಳ್ಳಿನ ಮೇಲೆ ನಿಂತದ್ದಲ್ಲ. ಅದಕ್ಕೆ ಕಲ್ಲಿನ ಸಾಕ್ಷಿಯುಂಟು, ತಾಮ್ರದ ಸಾಕ್ಷಿಯುಂಟು, ಆ ಜನರ ಬಾಯಿಯ ಸಾಕ್ಷಿಯೂ ಉಂಟು. ಆದರೆ ಸಾಕ್ಷಿಯನ್ನು ಅರ್ಧ ಕೇಳಿ ತೀರ್ಪು ಬರೆಯುವ ನ್ಯಾಯಾಧೀಶನನ್ನು ಯಾರು ಮೆಚ್ಚಿಯಾರು? ಉಳಿದರ್ಧ ಸಾಕ್ಷಿಯೂ ಅದೇ ಕೇರಿಯಲ್ಲಿದೆ. ಅದನ್ನು ಕೇಳುವವರು ಕಡಮೆ, ಹೇಳುವವರು ಅದಕ್ಕಿಂತ ಕಡಮೆ.

ಪತ್ರಿಕೆಯ ಕಾರ್ಯನಿಮಿತ್ತವಾಗಿ ಈಚೆಗೆ ಕೊಚ್ಚಿಗೆ ಹೋಗಿದ್ದಾಗ ನಮಗೆ ಒಂದು ಬೆಳಗಿನ ಬಿಡುವು ದೊರೆಯಿತು. ಮಟ್ಟಾಂಚೇರಿಯ ಯೆಹೂದ್ಯರ ಕೇರಿಯನ್ನು ಕಾಲ್ನಡಿಗೆಯಲ್ಲಿ ತೋರಿಸುವ ಗೈಡುಗಳು ಅಲ್ಲಿಯ ಹಳೆಯ ಅರಮನೆಯ ಬಳಿ ಸಿಕ್ಕುತ್ತಾರೆ. ಕೇರಿಯನ್ನು ಊರವರೆಲ್ಲ ಜ್ಯೂ ಟೌನ್ ಎಂದೇ ಕರೆಯುತ್ತಾರೆ. ನಾವು ಸೇರಿಕೊಂಡ ಗುಂಪಿನಲ್ಲಿ ಗುಜರಾತಿನ ದಂಪತಿಗಳು, ಇಬ್ಬರು ಜರ್ಮನರು, ಮದರಾಸಿನ ಕಡೆಯ ಮೂರು ಮಂದಿ ಕಾಲೇಜು ಹುಡುಗರು ಇದ್ದರು. ಗೈಡು ಇಪ್ಪತ್ತೈದರ ಆಸುಪಾಸಿನ ಹುಡುಗ, ಚುರುಕು, ಸಭ್ಯ. ಮಡಿಸಿದ ಕೊಡೆಯನ್ನು ಬಾವುಟದಂತೆ ಎತ್ತಿ ಹಿಡಿದು ಮುಂದೆ ಮುಂದೆ ನಡೆದನು. ಹರಿಕಥೆಯ ದಾಸರಿಗೆ ಕಥೆ ಬಾಯಿಪಾಠವಾಗಿರುವಂತೆ ಅವನಿಗೆ ಇಸವಿಗಳು ಬಾಯಿಪಾಠ. ನಡುವೆ ಪ್ರಶ್ನೆ ಕೇಳಿದರೆ ದಾಸರಿಗೆ ಹೇಗೋ ಹಾಗೆ ಅವನಿಗೂ ಸ್ವಲ್ಪ ತೊಡಕು.

ಅರಮನೆಯನ್ನು ಪೋರ್ಚುಗೀಸರು 16ನೆಯ ಶತಮಾನದ ನಡುವಿನಲ್ಲಿ ಕಟ್ಟಿ ಕೊಚ್ಚಿಯ ಅರಸನಿಗೆ ಒಪ್ಪಿಸಿದರು. ಡಚ್ಚರು ಬಂದ ಮೇಲೆ ಅದನ್ನು ದುರಸ್ತಿ ಮಾಡಿದುದರಿಂದ ಡಚ್ ಅರಮನೆಯೆಂಬ ಹೆಸರು ಉಳಿಯಿತು. ಅದರ ಆವರಣದಲ್ಲಿ ಪಳಯನ್ನೂರು ಭಗವತಿಯ ಗುಡಿ. ಅದಕ್ಕೆ ಬೆನ್ನು ಹಚ್ಚಿದಂತೆ ಯೆಹೂದ್ಯರ ಸಿನಗಾಗು. ಮಲೆಯಾಳಿಗಳು ಅದನ್ನು ಜೂತಪಳ್ಳಿ ಎನ್ನುತ್ತಾರೆ. ದೇವಿಯ ಗುಡಿಯ ಗಂಟೆಯೂ ಹೀಬ್ರೂ ಪ್ರಾರ್ಥನೆಯೂ ಒಂದೇ ಗಾಳಿಯಲ್ಲಿ ಬೆರೆಯುತ್ತಿದ್ದುವು ಎಂದು ಗೈಡು ಹೇಳಿದಾಗ ಜರ್ಮನರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಮಗೆ ಇದು ಸಾಮಾನ್ಯವೆಂದು ತೋರಬಹುದು, ಅವರಿಗೆ ತೋರದು.

ಈ ಜನರ ಕಥೆ ಮಟ್ಟಾಂಚೇರಿಯಲ್ಲಿ ಆರಂಭವಾದುದಲ್ಲ. ಅವರ ಮೂಲಸ್ಥಾನ ಉತ್ತರಕ್ಕಿರುವ ಕೊಡುಂಗಲ್ಲೂರು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಚೇರರ ಅರಸ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನೆಂಬ ಯೆಹೂದ್ಯ ಪ್ರಮುಖನಿಗೆ ತಾಮ್ರದ ಹಲಗೆಗಳ ಮೇಲೆ ಎಪ್ಪತ್ತೆರಡು ಹಕ್ಕುಗಳನ್ನು ಬರೆಯಿಸಿ ಕೊಟ್ಟನು. ಲಿಪಿ ವಟ್ಟೆಳುತ್ತು. ಸುಂಕದ ವಿನಾಯಿತಿಯ ಜೊತೆಗೆ ಹಗಲು ದೀವಟಿಗೆ, ನಡೆಮಡಿ, ಪಲ್ಲಕ್ಕಿ, ಛತ್ರ, ಭೇರಿ, ಕಹಳೆ, ತೋರಣ ಇವೆಲ್ಲವೂ ಅದರಲ್ಲಿ ಸೇರಿವೆ. ಅಡ್ಡಪಲ್ಲಕ್ಕಿಯ ಮರ್ಯಾದೆಗಾಗಿ ನಮ್ಮ ಮಠಮಾನ್ಯಗಳು ನ್ಯಾಯಸ್ಥಾನದ ಮೆಟ್ಟಿಲೇರಿದ ದಿನಗಳನ್ನು ಬಲ್ಲ ವಾಚಕರಿಗೆ, ಕಡಲಾಚೆಯಿಂದ ಬಂದ ವರ್ತಕನೊಬ್ಬನಿಗೆ ಇಷ್ಟು ಬಿರುದುಗಳು ದೊರೆತುದರ ಬೆಲೆ ಏನೆಂದು ನಾವು ವಿವರಿಸಬೇಕಾಗಿಲ್ಲ. ಅರಸನು ಧರ್ಮಾತ್ಮನಾಗಿದ್ದುದರಿಂದ ಕೊಟ್ಟನೆಂದು ಗೈಡು ಹೇಳಿದನು. ಮೆಣಸು ಕೊಂಡು ಚಿನ್ನ ತರುವ ವರ್ತಕರು ತನ್ನ ರೇವಿನಲ್ಲಿ ನೆಲೆ ನಿಲ್ಲಬೇಕೆಂಬ ವ್ಯವಹಾರಜ್ಞಾನವೂ ಅರಸನಿಗೆ ಇದ್ದಿರಬೇಕೆಂದು ನಮ್ಮ ಎಣಿಕೆ. ಅದರಿಂದ ಧರ್ಮಕ್ಕೆ ಕುಂದೇನೂ ಇಲ್ಲ.

1341ರಲ್ಲಿ ಪೆರಿಯಾರ್ ನದಿಯ ಮಹಾಪ್ರವಾಹದಿಂದ ಕೊಡುಂಗಲ್ಲೂರಿನ ರೇವು ಹೂಳು ತುಂಬಿತು. ಕೊಚ್ಚಿಯ ಬಾಯಿ ತೆರೆಯಿತು. ವ್ಯಾಪಾರದ ಹಿಂದೆ ವರ್ತಕರೂ ಬಂದರು. 1344ರಲ್ಲಿ ಕೊಚ್ಚಂಗಾಡಿಯಲ್ಲಿ ಕಟ್ಟಿದ ಮಂದಿರದ ಶಿಲಾಲೇಖವು ಈಗಿನ ಸಿನಗಾಗಿನ ಹೊರಗೋಡೆಯಲ್ಲಿ ಹುದುಗಿದೆ; ಮಂದಿರ ಮಾತ್ರ ಎಂದೋ ಹೋಯಿತು. 1524ರಲ್ಲಿ ಕೊಡುಂಗಲ್ಲೂರಿನ ಯೆಹೂದ್ಯರ ಮೇಲೆ ಅಲ್ಲಿಯ ಪ್ರತಿಸ್ಪರ್ಧಿ ವರ್ತಕರ ದಾಳಿಯಾಯಿತು. ಆ ಮೇಲೆ ಪೋರ್ಚುಗೀಸರ ಕಾಟ. ಅಳಿದುಳಿದವರು ಕೊಚ್ಚಿಯ ಅರಸನ ಮರೆಹೊಕ್ಕರು. ಸ್ಪೇನು ಪೋರ್ಚುಗಲ್ಲುಗಳಿಂದ ಹೊರದೂಡಲ್ಪಟ್ಟು ಬೇರೆ ಬೇರೆ ದೇಶಗಳನ್ನು ಸುತ್ತಿ ಬಂದ ಯೆಹೂದ್ಯರೂ ಅದೇ ಶತಮಾನದಲ್ಲಿ ಅಲ್ಲಿ ಸೇರಿದರು. ಇವರನ್ನು ಊರವರು ಪರದೇಶಿಗಳೆಂದು ಕರೆದರು. ಹೆಸರು ಅವರಿಗೂ ಅವರ ಮಂದಿರಕ್ಕೂ ನಿಂತಿತು. ಅವರ ಪರದೇಶಿ ಸಿನಗಾಗು ಕಟ್ಟಲ್ಪಟ್ಟುದು 1568ರಲ್ಲಿ.

1662ರಲ್ಲಿ ಡಚ್ಚರು ಕೊಚ್ಚಿಯನ್ನು ಮುತ್ತಿ ಹಿಂದೆಗೆದಾಗ, ಯೆಹೂದ್ಯರು ಶತ್ರುಗಳಿಗೆ ನೆರವಾದರೆಂಬ ಸಿಟ್ಟಿನಿಂದ ಪೋರ್ಚುಗೀಸರು ಈ ಕೇರಿಯನ್ನು ಸುಲಿದು ಮಂದಿರಕ್ಕೆ ಬೆಂಕಿಯಿಟ್ಟರು. ಮರುವರ್ಷದ ಜನವರಿಯಲ್ಲಿ ಡಚ್ಚರು ಊರನ್ನು ಹಿಡಿದ ಬಳಿಕ ಮಂದಿರವು ಪುನಃ ಎದ್ದಿತು. ಇಲ್ಲಿ ಕನ್ನಡ ಕರಾವಳಿಯವರು ಒಂದು ಕ್ಷಣ ನಿಲ್ಲಬೇಕು. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾಗಿ 1812ರವರೆಗೆ ನಡೆದ ಇನ್‌ಕ್ವಿಸಿಷನ್ನು ಎಂಬ ಘೋರ ಧರ್ಮವಿಚಾರಣೆಯು ಮೊದಲು ಹಿಡಿದದ್ದು ಬಲವಂತದಿಂದ ಕ್ರೈಸ್ತರಾದ ಯೆಹೂದ್ಯರನ್ನು. ಪೋರ್ಚುಗೀಸರ ಅದೇ ಮತಾಂಧತೆಗೆ ಅಂಜಿ ದೇವರ ಮೂರ್ತಿಗಳನ್ನು ಹೊತ್ತು ಗೋವೆಯನ್ನು ಬಿಟ್ಟ ಗೌಡ ಸಾರಸ್ವತರಲ್ಲಿ ಕೆಲವರು ಭಟ್ಕಳ, ಬಸರೂರು, ಮಂಗಳೂರುಗಳಲ್ಲಿ ನಿಂತರು. ಕೆಲವರು ಕೊಚ್ಚಿಯವರೆಗೂ ಹೋದರು. ಅವರ ತಿರುಮಲ ದೇವಸ್ಥಾನ ಈ ಕೇರಿಯಿಂದ ನಡೆದು ಹೋಗುವಷ್ಟೇ ದೂರ. ಒಬ್ಬನೇ ಪೀಡಕನಿಂದ ತಪ್ಪಿಸಿಕೊಂಡ ಎರಡು ಜನಾಂಗಗಳು ಒಬ್ಬನೇ ಅರಸನ ನೆರಳಿನಲ್ಲಿ ನೆರೆಹೊರೆಯಾದುವು. ಗೈಡಿನ ಪಾಠದಲ್ಲಿ ಇದಿರಲಿಲ್ಲ.

ಮಂದಿರದ ಹೊರಗೆ ಗಡಿಯಾರದ ಗೋಪುರ. ಡಚ್ ಕಂಪನಿಗೆ ಅರ್ಧ ಶತಮಾನದಷ್ಟು ಕಾಲ ಮುಖ್ಯ ವರ್ತಕನಾಗಿದ್ದ ಎಜೆಕಿಯಲ್ ರಹಾಬಿಯು 1760ರಲ್ಲಿ ಕಟ್ಟಿಸಿದ್ದು. ಒಂದು ಮುಖದಲ್ಲಿ ಹೀಬ್ರೂ ಅಂಕಿ, ಒಂದರಲ್ಲಿ ಮಲೆಯಾಳ ಅಂಕಿ, ಮತ್ತೊಂದರಲ್ಲಿ ರೋಮನ್ ಅಂಕಿ. ವೇಳೆಯೊಂದೇ, ಓದುವವರು ಬೇರೆ ಬೇರೆ. ಒಳಗೆ ಹೋಗಬೇಕಾದರೆ ನಮ್ಮ ಗುಡಿಗಳಲ್ಲಿರುವಂತೆಯೇ ಪಾದರಕ್ಷೆ ಬಿಡಬೇಕು. ಯೆಹೂದ್ಯರಲ್ಲಿ ಬೇರೆಡೆ ಸಾಮಾನ್ಯವಾಗಿ ಕಾಣದ ಈ ಪದ್ಧತಿಯನ್ನು ಅವರು ಈ ಮಣ್ಣಿನಿಂದ ಕಲಿತರು. ನೆಲಕ್ಕೆ ಹಾಸಿರುವುದು ಚೀನಾ ದೇಶದಿಂದ ರಹಾಬಿಯೇ ತರಿಸಿದ ಬಿಳಿ ನೀಲಿಯ ಬಿಲ್ಲೆಗಳು, ಕೈಯಿಂದ ಚಿತ್ರಿಸಿದವು. ಒಂದರಂತೆ ಇನ್ನೊಂದಿಲ್ಲವೆಂಬುದು ಗೈಡುಗಳ ಪ್ರತೀತಿ. ಮದರಾಸಿನ ಹುಡುಗರು ಅದನ್ನು ಪರೀಕ್ಷಿಸಲು ಹೊರಟು, ಹಿಂದಿನವರು ನೂಕಿದುದರಿಂದ ಐದಾರು ಬಿಲ್ಲೆಗಳಿಗೇ ಕೈಬಿಟ್ಟರು. ಮೇಲೆ ಬೆಲ್ಜಿಯಮ್ಮಿನ ಗಾಜಿನ ತೂಗುದೀಪಗಳು. ನಡುವೆ ಹಿತ್ತಾಳೆಯ ಕಟಕಟೆಯುಳ್ಳ ವೇದಿಕೆ. ಮಾಳಿಗೆಯಲ್ಲಿ ಹೆಂಗಸರ ಭಾಗಕ್ಕೆ ಸೇರಿದಂತೆ ಎರಡನೆಯ ವೇದಿಕೆಯೊಂದಿದೆ. ಇದು ಕೇರಳದ ಸಿನಗಾಗುಗಳ ವಿಶೇಷ. ಪಶ್ಚಿಮದ ಗೋಡೆಯಲ್ಲಿ, ಎಂದರೆ ಜೆರುಸಲೇಮಿನ ದಿಕ್ಕಿನಲ್ಲಿ, ತೋರಾ ಗ್ರಂಥದ ಸುರುಳಿಗಳ ಪೆಟ್ಟಿಗೆ. ಆ ಸುರುಳಿಗಳಲ್ಲಿ ಒಂದಕ್ಕೆ ತೊಡಿಸಲು ತಿರುವಾಂಕೂರಿನ ಮಹಾರಾಜರು 19ನೆಯ ಶತಮಾನದ ಆದಿಯಲ್ಲಿ ಚಿನ್ನದ ಕಿರೀಟವನ್ನು ಕೊಟ್ಟರು. 1968ರಲ್ಲಿ ಮಂದಿರದ ನಾನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಬಂದಿದ್ದರು, ಅಂಚೆಚೀಟಿಯೂ ಹೊರಟಿತು.

ಇಷ್ಟೂ ನೋಡತಕ್ಕದ್ದೇ, ಹೇಳತಕ್ಕದ್ದೇ. ಆದರೆ ನಾವು ನೋಡಬೇಕೆಂದು ಹೋದದ್ದು ಒಳಮಂದಿರದ ದೀಪಗಳನ್ನಲ್ಲ, ಅದಕ್ಕೆ ಮೊದಲು ದಾಟುವ ಹೊರಕೋಣೆಯನ್ನು. ಅಜಾರ ಎಂದು ಅದರ ಹೆಸರು. ಗುಂಪು ಅದನ್ನು ಅರ್ಧ ನಿಮಿಷದಲ್ಲಿ ದಾಟಿತು. ನಾವು ಹಿಂದೆ ಉಳಿದು ಹುಡುಗನನ್ನು ಕೇಳಿದೆವು: "ಏನಪ್ಪಾ, ಇಲ್ಲಿ ಯಾರು ಕುಳಿತುಕೊಳ್ಳುತ್ತಿದ್ದರು?"

"ಇದು ಬರಿಯ ಮುಂಗೋಣೆ ಸಾರ್, ಯಾರೂ ಕೂರುತ್ತಿರಲಿಲ್ಲ."

"ಸಾಲೆಂ ವಕೀಲರ ಹೆಸರು ಕೇಳಿದ್ದೀಯಾ?"

ಅವನು ಒಂದು ಕ್ಷಣ ಯೋಚಿಸಿ, "ಅವರು ಯಾವ ಅಂಗಡಿಯವರು ಸಾರ್?" ಎಂದನು.

ತಪ್ಪು ಹುಡುಗನದಲ್ಲ. ಅವನಿಗೆ ಕಲಿಸಿದವರು ಕಲಿಸಿದಷ್ಟನ್ನು ಅವನು ಚೆನ್ನಾಗಿಯೇ ಕಲಿತಿದ್ದನು. ಅವನಿಗೆ ಕಲಿಸದೆ ಬಿಟ್ಟುದನ್ನು ನಾವು ಇಲ್ಲಿ ಹೇಳುತ್ತೇವೆ.

ಕೊಚ್ಚಿಯ ಯೆಹೂದ್ಯರು ಒಂದಾಗಿರಲಿಲ್ಲ. ಹಿಂದಿನಿಂದ ಇದ್ದವರು ಮಲಬಾರಿಗಳು. ಇವರನ್ನು ಕರಿಯ ಯೆಹೂದ್ಯರೆಂದು ಕರೆಯುತ್ತಿದ್ದರು. ಆ ಮೇಲೆ ಬಂದ ಪರದೇಶಿಗಳು ತಮ್ಮನ್ನು ಬಿಳಿಯರೆಂದು ಕರೆದುಕೊಂಡರು. ಪರದೇಶಿಗಳ ಮನೆಗಳಲ್ಲಿ ದಾಸರಾಗಿದ್ದು ಬಿಡುಗಡೆ ಪಡೆದು ಯೆಹೂದ್ಯಧರ್ಮದಲ್ಲಿ ಸೇರಿದವರ ಹಾಗೂ ಅವರ ಸಂತಾನದವರ ಮೂರನೆಯ ವರ್ಗವೊಂದಿತ್ತು. ಹೀಬ್ರೂ ನುಡಿಯಲ್ಲಿ ಮೆಶುಹ್ರಾರಿಂ, ಎಂದರೆ ಬಿಡುಗಡೆ ಹೊಂದಿದವರು. ಹೆಸರಿಗೆ ಬಿಡುಗಡೆ. ಪರದೇಶಿ ಮಂದಿರದಲ್ಲಿ ಅವರಿಗೆ ಆಸನವಿರಲಿಲ್ಲ. ಹೊರಕೋಣೆಯಲ್ಲಿ, ನೆಲದ ಮೇಲೋ ಮೆಟ್ಟಿಲ ಮೇಲೋ ಕುಳಿತು ಪ್ರಾರ್ಥಿಸಬೇಕು. ತೋರಾ ಗ್ರಂಥವನ್ನು ಓದಲು ಅವರನ್ನು ಕರೆಯುವಂತಿಲ್ಲ. ಬಿಳಿಯರೊಡನೆ ವಿವಾಹವಿಲ್ಲ. ಸತ್ತ ಮೇಲೆ ಬಿಳಿಯರ ಶ್ಮಶಾನದಲ್ಲಿ ಜಾಗವಿಲ್ಲ. ಆಮ್ಸ್ಟರ್‌ಡಾಮಿನ ವರ್ತಕ ಮೋಸೆಸ್ ಪೆರೇರಾ ದೆ ಪೈವಾ 1686ರಲ್ಲಿ ಈ ಕೇರಿಗೆ ಬಂದು ಮರುವರ್ಷ ತನ್ನ ವರದಿಯನ್ನು ಅಚ್ಚು ಮಾಡಿಸಿದನು. ಮಲಬಾರಿಗಳೊಡನೆ ಬಿಳಿಯರು ಸಂಬಂಧ ಬೆಳೆಸುವುದಿಲ್ಲವೆಂಬುದನ್ನು ಅವನು ಅಂದೇ ದಾಖಲೆ ಮಾಡಿದ್ದಾನೆ. ಕೇರಿಯನ್ನು ನೋಡಲು ಬಂದವರಲ್ಲಿ ಅವನೂ ಒಬ್ಬ. ಅವನ ಕಣ್ಣಿಗೆ ಬಿದ್ದುದು ಇಂದಿನವರ ಕಣ್ಣಿಗೆ ಬೀಳುತ್ತಿಲ್ಲ.

ಬಿಡುಗಡೆ ಹೊಂದಿದವರು ಸುಮ್ಮನಿರಲಿಲ್ಲ. 19ನೆಯ ಶತಮಾನದ ನಡುವಿನಲ್ಲಿ ಅವರ ಒಂದು ಗುಂಪು ಮಟ್ಟಾಂಚೇರಿಯನ್ನು ತೊರೆದು ಬ್ರಿಟಿಷರ ಆಡಳಿತದಲ್ಲಿದ್ದ ಕೋಟೆ ಕೊಚ್ಚಿಗೆ ಹೋಗಿ ತಮ್ಮದೇ ಪ್ರಾರ್ಥನೆಯನ್ನು ಆರಂಭಿಸಿತು. ಆ ಪ್ರಯತ್ನ ಬಹುಕಾಲ ಬಾಳಲಿಲ್ಲ. ಅದೇ ವರ್ಗದಲ್ಲಿ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸಾಲೆಂ. ಮದರಾಸಿನಲ್ಲಿ ಓದಿ ವಕೀಲರಾದರು. ಕೊಚ್ಚಿ ಸಂಸ್ಥಾನದ ಶಾಸನಸಭೆಯಲ್ಲಿ ಸದಸ್ಯರಾಗಿದ್ದರು. ಕೂಲಿಕಾರರ ಸಂಘಟನೆಗೆ ದುಡಿದರು. 1929ರಲ್ಲಿ ಪೂರ್ಣಸ್ವರಾಜ್ಯದ ನಿರ್ಣಯವಾದ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿ ಬಂದರು. ಸಂಸ್ಥಾನದ ಶಾಸನಸಭೆಯಲ್ಲಿ ಪೀಠವಿದ್ದ ಮನುಷ್ಯನಿಗೆ ತನ್ನ ದೇವರ ಮಂದಿರದಲ್ಲಿ ಬೆಂಚಿನ ಮೂಲೆಯೂ ಇರಲಿಲ್ಲ.

ಆ ಕಾಲದ ನೆರೆಯ ಸುದ್ದಿಯನ್ನು ನೆನೆಯಬೇಕು. ಕೊಚ್ಚಿಗೆ ಅತಿದೂರವಲ್ಲದ ವೈಕಂನಲ್ಲಿ 1924ರಿಂದ 1925ರವರೆಗೆ, ಮಹಾದೇವನ ಗುಡಿಯ ಸುತ್ತಲಿನ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ ಸತ್ಯಾಗ್ರಹ ನಡೆಯಿತು. ಗಾಂಧೀಜಿಯವರು ಅಲ್ಲಿಗೆ ಬಂದರು. ತಿರುವಾಂಕೂರಿನಲ್ಲಿ ಗುಡಿಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದದ್ದು 1936ರಲ್ಲಿ. ಸಾಲೆಂ ಅವರು ಅದೇ ಆಯುಧವನ್ನು ತಮ್ಮ ಮಂದಿರದ ಬಾಗಿಲಿಗೆ ತಂದರು. ದಂಗೆಯಿಲ್ಲ, ದೊಂಬಿಯಿಲ್ಲ. ಕೆಲಕಾಲ ಮಂದಿರಕ್ಕೆ ಬಹಿಷ್ಕಾರ; ಆ ಮೇಲೆ ತಮಗೂ ತಮ್ಮವರಿಗೂ ನಿಷಿದ್ಧವೆನಿಸಿದ ಸ್ಥಳದಲ್ಲಿ ಹೋಗಿ ಶಾಂತವಾಗಿ ಕುಳಿತುಕೊಳ್ಳುವುದು. ವರ್ಷಗಟ್ಟಲೆ ಇದು ಸಾಗಿತು. 1930ರ ದಶಕದಲ್ಲಿ ಹಿಂದಿನ ಬೆಂಚುಗಳು ದೊರೆತುವು. 1940ರ ದಶಕದಲ್ಲಿ ತೋರಾ ಓದುವ ಹಕ್ಕು ದೊರೆಯಿತು. 1950ರಲ್ಲಿ ಅವರ ಮಗನೊಬ್ಬನು ಬಿಳಿಯ ಮನೆತನದ ಕನ್ಯೆಯನ್ನು ವಿವಾಹವಾದಾಗ ಕೇರಿಯಲ್ಲಿ ದೊಡ್ಡ ಕೋಲಾಹಲವೇ ಎದ್ದಿತಂತೆ. ಅವರನ್ನು ಜನರು ಯೆಹೂದ್ಯ ಗಾಂಧಿಯೆಂದು ಕರೆದರು. ಬಿರುದು ಚೆನ್ನಾಗಿದೆ, ಗೈಡುಗಳ ಬಾಯಲ್ಲಿ ಇಡಲು ತಕ್ಕಂತಿದೆ. ಆದರೂ ಅದು ಅಲ್ಲಿಗೆ ತಲುಪಿಲ್ಲ.

ಈ ಮಡಿವಂತಿಕೆಯನ್ನು ಯೆಹೂದ್ಯರು ನಮ್ಮಿಂದ ಕಲಿತರೋ, ತಾವೇ ತಂದರೋ ಎಂಬ ವಾದವೊಂದುಂಟು. ನಮ್ಮ ಮೇಲೆಯೇ ಎಲ್ಲವನ್ನೂ ಹೊರಿಸುವವರೂ ಉಂಟು, ನಮಗೆ ಸಂಬಂಧವೇ ಇಲ್ಲವೆನ್ನುವವರೂ ಉಂಟು. ನಮಗೆ ಎರಡೂ ಒಪ್ಪಿಗೆಯಿಲ್ಲ. ದಾಸ್ಯವು ಅವರ ಪುರಾತನ ಧರ್ಮಶಾಸ್ತ್ರದಲ್ಲಿಯೇ ಇತ್ತು. ರಕ್ತಶುದ್ಧಿಯ ಹುಚ್ಚನ್ನು ಸ್ಪೇನಿನ ಕ್ರೈಸ್ತರು ಅವರ ಕಣ್ಣೆದುರಿಗೇ ಮೆರೆಸಿದ್ದರು. ಆದರೆ ಬೀಜ ಎಲ್ಲಿಯದೇ ಆಗಲಿ, ಅದು ಮೊಳೆತು ಮರವಾಗಲು ಬೇಕಾದ ಗೊಬ್ಬರ ನಮ್ಮ ನೆಲದಲ್ಲಿ ಧಾರಾಳವಾಗಿತ್ತು. ಗುಡಿಯ ಸುತ್ತಲಿನ ಬೀದಿಯಲ್ಲಿ ಮನುಷ್ಯನು ನಡೆಯಬಾರದೆಂಬ ಊರಿನಲ್ಲಿ, ಮಂದಿರದ ಬೆಂಚಿನ ಮೇಲೆ ಮನುಷ್ಯನು ಕೂರಬಾರದೆಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅವರಲ್ಲಿಯ ಧರ್ಮಪಂಡಿತರು ಈ ಭೇದವನ್ನು ಒಪ್ಪಿರಲಿಲ್ಲವೆಂಬುದನ್ನೂ ಹೇಳಬೇಕು. 16ನೆಯ ಶತಮಾನದಲ್ಲಿ ಕೈರೋದಲ್ಲಿದ್ದ ದಾವಿದ್ ಇಬ್ನ್ ಜಿಮ್ರಾ ಎಂಬ ಮಹಾಪಂಡಿತನಿಗೆ ಕೊಚ್ಚಿಯಿಂದ ಈ ವಿವಾದವು ಹೋಯಿತು. ವಿಧಿಪೂರ್ವಕವಾಗಿ ಬಿಡುಗಡೆಯೂ ದೀಕ್ಷೆಯೂ ಆದವರೊಡನೆ ವಿವಾಹಕ್ಕೆ ಅಡ್ಡಿಯಿಲ್ಲವೆಂದು ಅವನು ವ್ಯವಸ್ಥೆ ಕೊಟ್ಟನು. ಶಾಸ್ತ್ರ ಹೇಳಿದರೂ ರೂಢಿ ಬಿಡಲಿಲ್ಲ. ಈ ಮಾತನ್ನು ಓದಿ ಕನ್ನಡದ ವಾಚಕನಿಗೆ ತನ್ನೂರಿನ ಒಂದೆರಡು ಸಂಗತಿಗಳು ನೆನಪಾದರೆ ಆಶ್ಚರ್ಯವಿಲ್ಲ.

ನೆನಪಾಗಬೇಕಾದ ಇನ್ನೊಂದು ಸಂಗತಿ ನಮ್ಮ ಮಂಗಳೂರಿನದು. ಅದೇ ಕೈರೋ ನಗರದ ಹಳೆಯ ಭಾಗದಲ್ಲಿ ಬೆನ್ ಎಜ್ರಾ ಎಂಬ ಸಿನಗಾಗಿದೆ. ಅಲ್ಲಿಯ ಕೋಣೆಯೊಂದರಲ್ಲಿ ಶತಮಾನಗಳ ಕಾಗದಪತ್ರಗಳು ರಾಶಿಯಾಗಿ ಬಿದ್ದಿದ್ದುವು. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂಬುದು ಅವರ ನಿಯಮ. ವಿದ್ವಾಂಸರು ಆ ರಾಶಿಯನ್ನು ಓದಿದಾಗ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನ ಪತ್ರಗಳು ಹೊರಬಂದುವು. ಟ್ಯುನೀಸಿಯದ ಮಹ್ದಿಯಾದಲ್ಲಿ ಹುಟ್ಟಿದ ಇವನು ಏಡನ್ನಿನ ಮಾರ್ಗವಾಗಿ ಬಂದು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, 1149ರವರೆಗೆ ನಮ್ಮ ಕರಾವಳಿಯಲ್ಲಿದ್ದನು. ಪತ್ರಗಳಲ್ಲಿ ಊರಿನ ಹೆಸರು ಮಂಜರೂರ್. ಮೆಣಸು, ಅಡಕೆ ಕಳುಹಿಸುತ್ತಿದ್ದನು; ಹಿತ್ತಾಳೆಯ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯಿಟ್ಟಿದ್ದನು. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಇದು ನಮ್ಮ ಕಡೆಯ ಹೆಸರೇ ಎಂಬುದನ್ನು ಬಿಡಿಸಿ ಹೇಳಬೇಕೆ? 1132ರ ಅಕ್ಟೋಬರಿನಲ್ಲಿ, ಮಂಗಳೂರಿನಲ್ಲಿಯೇ, ಬೆನ್ ಯಿಜುವು ಆಶು ಎಂಬ ತುಳುನಾಡಿನ ದಾಸಿಗೆ ಬಿಡುಗಡೆಯ ಪತ್ರ ಬರೆದು ಕೊಟ್ಟನು. ಅವಳೇ ಅವನ ಮಕ್ಕಳ ತಾಯಿ.

ಕೊಚ್ಚಿಯಲ್ಲಿ ಮುಂದೆ ಮೆಶುಹ್ರಾರಿಂ ಎನಿಸಿಕೊಂಡವರ ಕಥೆಗೂ ಆಶುವಿನ ಕಥೆಗೂ ಕಾಲದ ಅಂತರವಿದೆ, ಆದರೆ ಜಾತಿ ಒಂದೇ. ಮಂಗಳೂರಿನ ಬಂದರಿನ ಬೀದಿಗಳಲ್ಲಿ ನಡೆಯುವ ಪ್ರವಾಸಿಗಳಿಗೆ ಆಶುವಿನ ಹೆಸರನ್ನು ಯಾರು ಹೇಳುತ್ತಾರೆ? ಇಡೀ ಜಗತ್ತಿನ ವಿದ್ವಾಂಸರು ಬಲ್ಲ ಈ ತುಳುವ ಹೆಂಗಸಿನ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲನ್ನು ಪಡೆದರೆ ಕಾಗದ ದಂಡವಾಗಲಾರದು.

ನಮ್ಮ ಮೆರವಣಿಗೆಯು ಮಂದಿರದಿಂದ ಹೊರಬಿದ್ದ ಮೇಲೆ ಒಂದು ಪುರಾತನವಸ್ತುಗಳ ಅಂಗಡಿಗೆ ಹೋಗಿ ನಿಂತಿತು. ಕೇರಿಯ ಮನೆಗಳೆಲ್ಲ ಬಹುಮಟ್ಟಿಗೆ ಅಂಗಡಿಗಳಾಗಿವೆ. ಕಾಶ್ಮೀರದ ವರ್ತಕರೇ ಅನೇಕರು. ಕಿಟಕಿಯ ಸರಳುಗಳಲ್ಲಿ ಅಲ್ಲಲ್ಲಿ ದಾವೀದನ ಆರು ಮೊನೆಯ ನಕ್ಷತ್ರ ಉಳಿದಿದೆ, ಒಳಗೆ ಶಾಲು, ಸಾಂಬಾರಪದಾರ್ಥ, ಹಿತ್ತಾಳೆಯ ನಟರಾಜ. ಗೈಡಿಗೆ ಅಂಗಡಿಯವರಿಂದ ದಸ್ತೂರಿ ಸಲ್ಲುತ್ತದೆಂಬುದು ಎಲ್ಲ ಊರುಗಳ ಸಂಗತಿ. ನಾವು ಆಕ್ಷೇಪಿಸುವುದಿಲ್ಲ, ಅವನೂ ಬದುಕಬೇಕು. ಅವನ ಪ್ರವಾಸ ಅಲ್ಲಿಗೆ ಮುಗಿಯಿತು. ಕರಿಯ ಯೆಹೂದ್ಯರ ಮಂದಿರಗಳ ಮಾತೇ ಬರಲಿಲ್ಲ. ನಾವು ಬೇರೆಯಾಗಿ ನಡೆದೆವು.

ಮಟ್ಟಾಂಚೇರಿಯಲ್ಲಿ ಮಲಬಾರಿಗಳಿಗೆ ಎರಡು ಮಂದಿರಗಳಿದ್ದುವು. ತೆಕ್ಕುಂಭಾಗದ್ದನ್ನು 1960ರ ದಶಕದಲ್ಲಿ ಕೆಡವಿದರು. ಕಡವುಂಭಾಗದ ಮಂದಿರವು ಅವರು ದೇಶ ಬಿಟ್ಟ ಮೇಲೆ ಸರಕಿನ ಉಗ್ರಾಣವಾಯಿತು. ಅದರ ಕೆತ್ತನೆಯ ಒಳಾಂಗಣವನ್ನು 1990ರ ದಶಕದಲ್ಲಿ ಜೆರುಸಲೇಮಿಗೆ ಒಯ್ದರು. ಅಲ್ಲಿಯ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ಮತ್ತೆ ಜೋಡಿಸಿದ್ದಾರೆ. ಇಲ್ಲಿ ಉಳಿದ ಗೋಡೆಗಳಲ್ಲಿ ಮುಂಭಾಗವು 2019ರ ಸೆಪ್ಟೆಂಬರಿನ ಮಳೆಯಲ್ಲಿ ಕುಸಿದು ಬಿದ್ದಿತು. ಬಿಳಿಯರ ಮಂದಿರದ ನೆಲದ ಬಿಲ್ಲೆಯ ಮೇಲೆ ಕಾಲಿಡುವಾಗ ಎಚ್ಚರವೆಂದು ಹೇಳುವವರಿದ್ದಾರೆ. ಕರಿಯರ ಮಂದಿರದ ಗೋಡೆ ಬೀಳುವಾಗ ಹಿಡಿಯುವವರಿರಲಿಲ್ಲ. ಮನುಷ್ಯರು ಹೋದ ಮೇಲೂ ಪಂಕ್ತಿಭೇದ ಉಳಿಯಿತೆಂದರೆ ಏನು ಹೇಳೋಣ! ಕೇರಳ ಸರ್ಕಾರವು ಚೇಂದಮಂಗಲಂ ಹಾಗೂ ಪರವೂರುಗಳಲ್ಲಿರುವ ಮಲಬಾರಿ ಮಂದಿರಗಳನ್ನು ದುರಸ್ತಿ ಮಾಡಿಸಿ ವಸ್ತುಸಂಗ್ರಹಾಲಯಗಳನ್ನಾಗಿ ಮಾಡಿದೆ. ಅದು ಶ್ಲಾಘ್ಯವಾದ ಕಾರ್ಯ. ಮಟ್ಟಾಂಚೇರಿಯದಕ್ಕೆ ಆ ಭಾಗ್ಯ ಸಕಾಲದಲ್ಲಿ ಒದಗಲಿಲ್ಲ.

ಅದೇ ಊರಿನ ಮನೆಗಳ ನಡುವೆ ನೆಹೆಮಿಯ ಮೋತ ಎಂಬ ಸಂತನ ಸಮಾಧಿಯಿದೆ. 17ನೆಯ ಶತಮಾನದ ಆರಂಭದಲ್ಲಿ ತೀರಿಕೊಂಡವನು. ಸುತ್ತಲಿದ್ದ ಮಲಬಾರಿಗಳ ಶ್ಮಶಾನ ಹೋಯಿತು, ಸಮಾಧಿ ಉಳಿಯಿತು. ಉಳಿಸಿದವರು ಯೆಹೂದ್ಯರಲ್ಲ, ನೆರೆಯ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಅಲ್ಲಿ ದೀಪ ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ಸಹಿಷ್ಣುತೆಯ ಭಾಷಣ ಮಾಡುವವರಿಗೆ ಉದಾಹರಣೆ ಬೇಕಿದ್ದರೆ ಚಿನ್ನದ ಕಿರೀಟಕ್ಕಿಂತ ಈ ಮೇಣದ ಬತ್ತಿ ಮೇಲೆಂದು ನಾವು ಭಾವಿಸುತ್ತೇವೆ.

ಅವರು ಏಕೆ ಹೋದರು? ಗುಜರಾತಿನ ಗೃಹಸ್ಥರು ಗೈಡನ್ನು ಕೇಳಿದ ಪ್ರಶ್ನೆಯಿದು. "ಅವರ ದೇಶ ಅವರಿಗೆ ಸಿಕ್ಕಿತು, ಹೋದರು" ಎಂದು ಅವನು ಉತ್ತರ ಕೊಟ್ಟನು. ಬಹುಮಟ್ಟಿಗೆ ಸರಿ. 1948ರಲ್ಲಿ ಕೊಚ್ಚಿಯ ಸೀಮೆಯಲ್ಲಿ ಸುಮಾರು ಎರಡೂವರೆ ಸಾವಿರ ಯೆಹೂದ್ಯರಿದ್ದರು. 1950ರ ದಶಕದ ಮೊದಲ ಐದಾರು ವರ್ಷಗಳಲ್ಲಿ ಮಲಬಾರಿಗಳಲ್ಲಿ ಹೆಚ್ಚಿನವರು ಊರಿಗೆ ಊರೇ ಎದ್ದಂತೆ ಇಸ್ರೇಲಿಗೆ ಹೊರಟರು. ಯಾರೂ ಓಡಿಸಲಿಲ್ಲ, ನಿತ್ಯ ಪ್ರಾರ್ಥನೆಯಲ್ಲಿ ಹಂಬಲಿಸಿದ ನಾಡಿಗೆ ಹೊರಟವರು ಅವರು. ಅಲ್ಲಿ ನೆಗೆವ್ ಮರುಭೂಮಿಯ ನೆವಾತಿಂ ಮೊದಲಾದ ಹಳ್ಳಿಗಳಲ್ಲಿ ಅವರನ್ನು ನೆಲೆಗೊಳಿಸಿದರು. ಮಳೆಯ ನಾಡಿನಿಂದ ಹೋದವರು ಮರಳಿನಲ್ಲಿ ಬೇಸಾಯ ಕಲಿತರು. ಹೆಂಗಸರು ತಮ್ಮೊಡನೆ ಮಲೆಯಾಳದ ಹಾಡುಗಳ ಕೈಬರಹದ ಪುಸ್ತಕಗಳನ್ನು ಒಯ್ದಿದ್ದರು. ಮದುವೆಯ ಹಾಡು, ಹಬ್ಬದ ಹಾಡು, ಜೋಸೆಫ್ ರಬ್ಬಾನನ ಹಾಡು. ಗಂಡಸರು ಬೆಂಚಿಗಾಗಿ ಜಗಳವಾಡಿದ ಊರಿನಲ್ಲಿ ಅನೇಕ ಹಾಡುಗಳು ಮೂರು ವರ್ಗದ ಹೆಂಗಸರ ಪುಸ್ತಕಗಳಲ್ಲಿಯೂ ಒಂದೇ ಆಗಿದ್ದುವು. ಪರದೇಶಿಗಳು ನಿಧಾನವಾಗಿ, ಒಂದೊಂದೇ ಮನೆಯಾಗಿ ಹೋದರು. ಕೇರಿಯಲ್ಲಿ ಕಸೂತಿಯ ಅಂಗಡಿಯಿಟ್ಟಿದ್ದ ವೃದ್ಧೆ ಸಾರಾ ಕೋಹೆನ್ನರು 2019ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡವನು ಒಬ್ಬ ಮುಸಲ್ಮಾನ ಗೃಹಸ್ಥ.

ಸಾಲೆಂ ಅವರು ಹೋಗಲಿಲ್ಲ. ತಮ್ಮ ಜನ ಹೋಗುವುದನ್ನು ನೋಡಿದರು, ಇಸ್ರೇಲನ್ನೂ ನೋಡಿ ಬಂದರು, 1967ರಲ್ಲಿ ಕೊಚ್ಚಿಯಲ್ಲಿಯೇ ಕಣ್ಣು ಮುಚ್ಚಿದರು. ಯಾವ ಮಂದಿರದಲ್ಲಿ ಬೆಂಚಿಗಾಗಿ ಅರ್ಧ ಆಯುಷ್ಯವನ್ನು ಸವೆಸಿದರೋ ಆ ಬೆಂಚುಗಳಲ್ಲಿ ಕುಳಿತುಕೊಳ್ಳಲು ಇಂದು ಹತ್ತು ಮಂದಿ ಯೆಹೂದ್ಯ ಗಂಡಸರು ಊರಿನಲ್ಲಿಲ್ಲ. ಹತ್ತು ಮಂದಿ ಸೇರದೆ ಅವರಲ್ಲಿ ಸಾಮೂಹಿಕ ಪ್ರಾರ್ಥನೆ ನಡೆಯುವುದಿಲ್ಲ. ಹೊರಗಿಂದ ಬಂದ ಯೆಹೂದ್ಯ ಯಾತ್ರಿಕರು ಸೇರಿದ ದಿನ ಮಾತ್ರ ಸಂಖ್ಯೆ ತುಂಬುತ್ತದೆ. ಅಂದು ಅಲ್ಲಿ ಬಣ್ಣವನ್ನು ಯಾರೂ ಕೇಳುವುದಿಲ್ಲ.

ಕೇರಳದ ಪ್ರವಾಸಖಾತೆಯವರಲ್ಲಿ ನಮ್ಮದೊಂದು ವಿಜ್ಞಾಪನೆ. ಗೈಡುಗಳಿಗೆ ಪರವಾನಗಿ ಕೊಡುವಾಗ ತಾಮ್ರಶಾಸನದ ಪಾಠದೊಂದಿಗೆ ಹೊರಕೋಣೆಯ ಪಾಠವನ್ನೂ ಸೇರಿಸಬೇಕು. ಕಡವುಂಭಾಗದ ಗೋಡೆಗಳನ್ನು ಕಾಲ್ನಡಿಗೆಯ ದಾರಿಯಲ್ಲಿ ಸೇರಿಸಬೇಕು. ಇದರಿಂದ ಭಾರತದ ಕೀರ್ತಿಗೆ ಕುಂದು ಬರುವುದೆಂದು ಅಂಜುವವರು ಇರಬಹುದು. ಆ ಹೊರಕೋಣೆಯಿಂದ ಒಳಮಂದಿರಕ್ಕೆ ಒಬ್ಬ ಭಾರತೀಯನು ರಕ್ತ ಹರಿಸದೆ, ಭಾರತದಲ್ಲಿಯೇ ಕಂಡುಹಿಡಿದ ಆಯುಧದಿಂದ ನಡೆದು ಹೋದನೆಂಬುದು ಚೀನಾದ ಬಿಲ್ಲೆಗಿಂತ ಕಡಮೆಯ ಪ್ರದರ್ಶನವಸ್ತುವೆ? ಅರಸನ ಔದಾರ್ಯವನ್ನು ಹೇಳುವಷ್ಟೇ ಅಭಿಮಾನದಿಂದ ಪ್ರಜೆಯ ಹಟವನ್ನೂ ಹೇಳಬಹುದು. ಮಂಗಳೂರಿನ ನಗರಸಭೆಯವರೂ ಬಂದರಿನಲ್ಲಿ ಆಶುವಿಗೂ ಬೊಮ್ಮನಿಗೂ ಒಂದು ಕಲ್ಲು ನಿಲ್ಲಿಸುವ ಯೋಚನೆ ಮಾಡಲಿ.

ನಮ್ಮ ವಾಚಕರಲ್ಲಿ ಕೊಚ್ಚಿಗೆ ಹೋಗುವವರು ಬಹಳ. ಅವರು ಚೀಟಿ ಕೊಂಡು ಒಳಗೆ ಹೋಗುವ ಮುನ್ನ ಹೊರಕೋಣೆಯಲ್ಲಿ ಎರಡು ನಿಮಿಷ ನಿಂತು, ಸಾಲೆಂ ವಕೀಲರು ಎಲ್ಲಿ ಕುಳಿತಿದ್ದರೆಂದು ಗೈಡನ್ನು ಕೇಳಬೇಕು. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವನು ಕೇಳುವ ಮೊದಲೇ ಅವನು ಉತ್ತರವನ್ನು ಕಲಿತುಕೊಂಡಿರುತ್ತಾನೆ, ಚುರುಕಾದ ಹುಡುಗರು. ಶನಿವಾರ ಅವರ ಸಬ್ಬತ್ ದಿನವಾದುದರಿಂದ ಮಂದಿರ ಮುಚ್ಚಿರುತ್ತದೆ. ಬೇರೆ ದಿನ, ಬಿಸಿಲೇರುವ ಮುನ್ನ ಹೋಗುವುದು ಮೇಲು.